ಎಷ್ಟು ಕುರ್ಚಿ ಅನ್ನುವ ಮೊದಲು: ಸಭೆಗೆ ತಕ್ಕ ಜೋಡಣೆ ಆರಿಸುವುದು ಹೇಗೆ?

ಸಭೆಗೋ ಕಾರ್ಯಕ್ರಮಕ್ಕೋ ಹಾಲ್ ನೋಡಲು ಹೋದಾಗ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಇಲ್ಲಿ ಎಷ್ಟು ಜನ ಹಿಡಿಸುತ್ತಾರೆ?’ ಹಾಲ್‌ನವರು ಒಂದು ಸಂಖ್ಯೆ ಹೇಳುತ್ತಾರೆ. ನಮ್ಮ ಲೆಕ್ಕ ಅದಕ್ಕಿಂತ ಕಡಿಮೆ ಇದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಕುರ್ಚಿ ಹೇಗೆ ಹಾಕುವುದು ಅನ್ನುವುದು ಕಾರ್ಯಕ್ರಮದ ದಿನ ಬೆಳಿಗ್ಗೆ, ಅವಸರದಲ್ಲಿ ತೀರ್ಮಾನವಾಗುತ್ತದೆ.

ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಈ ಕೋಣೆಯಲ್ಲಿ ಯಾರು ಯಾರ ಮುಖ ನೋಡಬೇಕು? ಎಲ್ಲರೂ ಒಬ್ಬರನ್ನೇ ನೋಡಬೇಕಾ? ಎಲ್ಲರೂ ಎಲ್ಲರನ್ನೂ ನೋಡಬೇಕಾ? ಅಥವಾ ಐದಾರು ಜನ ತಮ್ಮತಮ್ಮೊಳಗೆ ನೋಡಿಕೊಂಡು ಮಾತಾಡಿದರೆ ಸಾಕಾ? ಇದಕ್ಕೆ ಉತ್ತರ ಸಿಕ್ಕಿದರೆ ಜೋಡಣೆಯ ಮುಕ್ಕಾಲು ಕೆಲಸ ಮುಗಿದ ಹಾಗೆ. ಉಳಿದದ್ದು ಅಡಿ, ಇಂಚುಗಳ ಲೆಕ್ಕ. ಆ ಲೆಕ್ಕವೂ ಮುಖ್ಯವೇ, ಅದನ್ನು ಮುಂದೆ ಬಿಡಿಸಿ ನೋಡೋಣ. ಆದರೆ ಮುಖದ ಪ್ರಶ್ನೆ ಬಿಟ್ಟು ಲೆಕ್ಕದಿಂದ ಶುರು ಮಾಡಿದರೆ, ಚರ್ಚೆಗೆಂದು ಬಂದ ಜನ ಭಾಷಣ ಕೇಳುವವರ ಹಾಗೆ ಸುಮ್ನೆ ಕೂತು ಎದ್ದು ಹೋಗುತ್ತಾರೆ. ಆಮೇಲೆ ‘ಜನ ಬಾಯೇ ಬಿಡಲಿಲ್ಲ’ ಎಂದು ಜನರನ್ನು ದೂರುತ್ತೇವೆ.

ಕುರ್ಚಿ ತಿರುಗಿದ ಕಡೆ ಮಾತು

ಕುರ್ಚಿಯ ದಿಕ್ಕಿಗೂ ಮಾತಿಗೂ ಇರುವ ನಂಟು ಬರೀ ಊಹೆಯಲ್ಲ. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು ಮತ್ತು ರಾಬರ್ಟ್ ಸಾಮರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಹತ್ತಿರದಿಂದ ಗಮನಿಸಿದರು. ಅಲ್ಲಿ ವಯಸ್ಸಾದ ರೋಗಿಗಳ ಒಂದು ವಾರ್ಡ್ ಇತ್ತು. ಅದನ್ನು ಹೊಸದಾಗಿ ಅಂದಗೊಳಿಸಿದ್ದರು, ಒಳ್ಳೆಯ ಕುರ್ಚಿಗಳನ್ನು ತಂದು ಹಾಕಿದ್ದರು. ಆದರೂ ಅಲ್ಲಿ ಮಾತೇ ಇರಲಿಲ್ಲ. ಕಾರಣ ಕಣ್ಣೆದುರೇ ಇತ್ತು. ಕುರ್ಚಿಗಳೆಲ್ಲ ಗೋಡೆಗೆ ಒರಗಿ ಒಂದರ ಪಕ್ಕ ಒಂದು ಸಾಲಾಗಿ ನಿಂತಿದ್ದವು. ಗುಡಿಸಲು, ಒರೆಸಲು ಅನುಕೂಲ. ಆದರೆ ಪಕ್ಕದವರ ಜೊತೆ ಮಾತಾಡಬೇಕಾದರೆ ಕತ್ತು ತಿರುಗಿಸಬೇಕು, ಎದುರಿನವರು ದೂರ. ಕುರ್ಚಿಗಳನ್ನು ಸಣ್ಣ ಮೇಜುಗಳ ಸುತ್ತ ತಂದಿಟ್ಟರು. ಮೊದಮೊದಲು ವಿರೋಧ ಬಂತು. ಹಲವರು ಕುರ್ಚಿಗಳನ್ನು ಮತ್ತೆ ಗೋಡೆಯ ಹತ್ತಿರಕ್ಕೇ ಎಳೆದುಕೊಂಡರು. ಕೆಲವು ವಾರಗಳಲ್ಲಿ ರೂಢಿಯಾಯಿತು. ಆಗ ಎಣಿಸಿ ನೋಡಿದರೆ, ಜನರ ನಡುವಿನ ಮಾತುಕತೆ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ಜನ ಅವರೇ, ಕೋಣೆ ಅದೇ. ಬದಲಾಗಿದ್ದು ಕುರ್ಚಿ ಮುಖ ಮಾಡಿದ ದಿಕ್ಕು.

ಇನ್ನೊಂದು ಅಧ್ಯಯನ 1950ರದ್ದು. ಬರ್ನಾರ್ಡ್ ಸ್ಟೈನ್ಜರ್ ಎಂಬುವರು ವೃತ್ತಾಕಾರದಲ್ಲಿ ಕೂತು ಚರ್ಚಿಸುವ ಗುಂಪುಗಳನ್ನು ಗಮನಿಸಿದರು. ಒಬ್ಬರು ಮಾತು ಮುಗಿಸಿದ ಮೇಲೆ ಮುಂದಿನ ಮಾತು ಹೆಚ್ಚಾಗಿ ಬರುತ್ತಿದ್ದದ್ದು ಅವರ ಎದುರು ಕೂತವರಿಂದ, ಪಕ್ಕದವರಿಂದಲ್ಲ. ಎದುರಿನವರಿಗೆ ಮುಖ ಪೂರ್ತಿ ಕಾಣುತ್ತದೆ. ಹುಬ್ಬು ಏರಿದ್ದು, ತುಟಿ ಬಿಗಿದದ್ದು ಎಲ್ಲ ಗೊತ್ತಾಗುತ್ತದೆ. ಪಕ್ಕದವರಿಗೆ ಬರೀ ದನಿ. ಒಂದು ಮಾತು ಇಲ್ಲಿ ಸೇರಿಸಬೇಕು. ಸಭೆಯನ್ನು ಬಿಗಿಯಾಗಿ ನಡೆಸುವ ನಾಯಕರಿದ್ದರೆ ಇದು ತಿರುವುಮುರುವಾಗುತ್ತದೆ ಎಂದು ಆಮೇಲಿನ ಅಧ್ಯಯನಗಳಲ್ಲಿ ಕಂಡಿತು. ಆಗ ಜನ ಎದುರಿನವರನ್ನು ಬಿಟ್ಟು ಪಕ್ಕದವರ ಜೊತೆಗೇ ಜಾಸ್ತಿ ಮಾತಾಡುತ್ತಾರೆ. ಅಂದರೆ ಜೋಡಣೆ ಮಾತಿಗೆ ದಾರಿ ಮಾಡಿಕೊಡುತ್ತದೆ, ಅಷ್ಟೇ. ಸಭೆ ನಡೆಸುವವರು ಆ ದಾರಿಯನ್ನು ಮುಚ್ಚಲೂಬಹುದು.

ಸಾಲು ಕುರ್ಚಿ

ಥಿಯೇಟರ್ ಶೈಲಿ ಎಂದರೆ ಮೇಜಿಲ್ಲದೆ, ಎಲ್ಲ ಕುರ್ಚಿಗಳೂ ವೇದಿಕೆಯ ಕಡೆ ಮುಖ ಮಾಡಿದ ಸಾಲುಗಳು. ಒಬ್ಬರು ಮಾತಾಡಬೇಕು, ಉಳಿದವರು ಕೇಳಬೇಕು ಅನ್ನುವ ಕಡೆ ಇದಕ್ಕಿಂತ ಒಳ್ಳೆಯದಿಲ್ಲ. ಜಾಗವೂ ಕಡಿಮೆ ಸಾಕು. ಓಡಾಡುವ ದಾರಿ ಸೇರಿ ಒಬ್ಬರಿಗೆ ಸುಮಾರು 8ರಿಂದ 10 ಚದರ ಅಡಿ. ಹಾಲ್‌ನವರು ಹೇಳುವ ದೊಡ್ಡ ಸಂಖ್ಯೆ ಬಹಳಷ್ಟು ಸಲ ಈ ಶೈಲಿಯದ್ದೇ ಆಗಿರುತ್ತದೆ. ಮೇಜು ಹಾಕಿದ ಕೂಡಲೇ ಆ ಸಂಖ್ಯೆ ಇಳಿಯುತ್ತದೆ, ಕೆಲವು ಜೋಡಣೆಗಳಲ್ಲಿ ಅರ್ಧಕ್ಕೂ ಕೆಳಗೆ. ಹಾಗಾಗಿ ‘ಎಷ್ಟು ಜನ?’ ಎಂದು ಕೇಳುವಾಗ ‘ಯಾವ ಜೋಡಣೆಯಲ್ಲಿ?’ ಎಂದೂ ಕೇಳಿ.

ಸಾಲುಗಳನ್ನು ನೆಟ್ಟಗೆ ಹಾಕಬೇಕೆಂದೇನೂ ಇಲ್ಲ. ಸ್ವಲ್ಪ ಬಾಗಿಸಿ ಬಿಲ್ಲಿನಾಕಾರ ಮಾಡಿದರೆ ಎರಡು ಲಾಭ. ಬದಿಯಲ್ಲಿ ಕೂತವರು ಕತ್ತು ತಿರುಗಿಸದೆ ವೇದಿಕೆ ನೋಡಬಹುದು. ಜೊತೆಗೆ ಸಾಲಿನ ಆ ತುದಿಯವರ ಮುಖ ಈ ತುದಿಯವರಿಗೆ ಕಾಣುತ್ತದೆ. ಪ್ರಶ್ನೋತ್ತರ ಇದ್ದರೆ ಇದು ತುಂಬಾ ಮುಖ್ಯ. ಪ್ರಶ್ನೆ ಕೇಳುವವರ ಬೆನ್ನು ಮಾತ್ರ ಕಂಡರೆ ಬೇರೆಯವರಿಗೆ ಆ ಪ್ರಶ್ನೆಯಲ್ಲಿ ಆಸಕ್ತಿ ಹುಟ್ಟುವುದು ಕಷ್ಟ. ಬಾಗಿಸಲು ಕೆಲವು ಕುರ್ಚಿಗಳಷ್ಟು ಜಾಗ ಕಳೆದುಕೊಳ್ಳಬೇಕಾಗುತ್ತದೆ. ಕಳೆದುಕೊಳ್ಳಿ ಎನ್ನುವುದೇ ನನ್ನ ಸಲಹೆ.

ಸಾಲುಗಳನ್ನು ಒಂದರ ಹಿಂದೆ ಒಂದು ಸರಿಯಾಗಿ ಇಡಬಾರದು. ಹಿಂದಿನ ಸಾಲಿನ ಕುರ್ಚಿ ಮುಂದಿನ ಎರಡು ಕುರ್ಚಿಗಳ ನಡುವಿನ ಸಂದಿಗೆ ಬರುವಂತೆ ಅರ್ಧ ಕುರ್ಚಿಯಷ್ಟು ಸರಿಸಿದರೆ ಮುಂದಿನವರ ತಲೆ ಅಡ್ಡ ಬರುವುದು ಕಡಿಮೆ. ಖರ್ಚಿಲ್ಲದ ಉಪಾಯ. ಆದರೂ ಇದನ್ನು ಮಾಡುವವರು ಅಪರೂಪ.

ಸಾಲುಗಳ ಮುಂದೆ ಉದ್ದನೆಯ ಮೇಜು ಹಾಕಿದರೆ ಅದು ಕ್ಲಾಸ್‌ರೂಮ್ ಶೈಲಿ. ಬರೆಯಬೇಕು, ಲ್ಯಾಪ್‌ಟಾಪ್ ಬಳಸಬೇಕು ಅಂದರೆ ಮೇಜು ಬೇಕೇ ಬೇಕು. 6 ಅಡಿ ಮೇಜಿಗೆ ಮೂವರನ್ನು ಕೂರಿಸಬಹುದು, ಆದರೆ ಮೊಣಕೈಗೆ ಮೊಣಕೈ ತಾಗುತ್ತದೆ. ಇಡೀ ದಿನದ ತರಬೇತಿಯಾದರೆ ಇಬ್ಬರೇ ಸರಿ. ಈ ಶೈಲಿಯನ್ನು ಅಗತ್ಯಕ್ಕಿಂತ ಜಾಸ್ತಿ ಬಳಸುತ್ತಾರೆ ಅನ್ನುವುದು ನನ್ನ ಅನಿಸಿಕೆ. ಮೇಜಿದ್ದರೆ ಸಭೆಗೆ ಒಂದು ಗಾಂಭೀರ್ಯ ಬಂದಂತೆ ಕಾಣುತ್ತದೆ, ನಿಜ. ಆದರೆ ಇಲ್ಲೂ ಎಲ್ಲರಿಗೂ ಕಾಣುವುದು ಮುಂದಿನವರ ಬೆನ್ನೇ. ಮೇಲಾಗಿ ಮೇಜುಗಳಿಂದಾಗಿ ಹಿಂದಿನ ಸಾಲು ವೇದಿಕೆಯಿಂದ ಇನ್ನಷ್ಟು ದೂರ ಹೋಗುತ್ತದೆ. ಬರೆಯುವ ಕೆಲಸ ಇಲ್ಲದಿದ್ದರೆ ಮೇಜು ಬೇಡ. ಇದೆ ಅಂದರೆ, ಮೇಜುಗಳನ್ನು ವೇದಿಕೆಯ ಕಡೆ ಓರೆಯಾಗಿ, ಮೀನಿನ ಮುಳ್ಳಿನ ಹಾಗೆ ಹಾಕಿ. ಇದನ್ನು ಹೆರಿಂಗ್‌ಬೋನ್ ಅನ್ನುತ್ತಾರೆ. ನಡುದಾರಿಯ ಆಚೆ ಈಚೆ ಕೂತವರು ಒಬ್ಬರನ್ನೊಬ್ಬರು ಅರೆಬರೆಯಾದರೂ ನೋಡಬಹುದು.

ಒಂದೇ ಮೇಜು, ಹಲವು ಮುಖ

ಎಲ್ಲರೂ ಎಲ್ಲರನ್ನೂ ನೋಡಬೇಕು ಅನ್ನುವ ಸಭೆಗೆ ಬೋರ್ಡ್‌ರೂಮ್ ಮೇಜು, ಯು ಆಕಾರ, ನಡುವೆ ಖಾಲಿ ಬಿಟ್ಟ ಚೌಕ, ಮೇಜಿಲ್ಲದ ವೃತ್ತ ಹೀಗೆ ಹಲವು ದಾರಿಗಳಿವೆ. ಇವುಗಳ ನಡುವಿನ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ, ಆದರೆ ಸಭೆಯ ಸ್ವಭಾವವನ್ನೇ ಬದಲಿಸುತ್ತದೆ.

ಉದ್ದನೆಯ ಬೋರ್ಡ್‌ರೂಮ್ ಮೇಜಿಗೆ ಎರಡು ತುದಿಗಳಿರುತ್ತವೆ. ಆ ತುದಿಗಳಿಗೆ ಒಂದು ಅಧಿಕಾರ ತಾನಾಗಿಯೇ ಬರುತ್ತದೆ. 1961ರಲ್ಲಿ ಸ್ಟ್ರಾಡ್‌ಬೆಕ್ ಮತ್ತು ಹುಕ್ ಎಂಬ ಸಂಶೋಧಕರು 12 ಜನರ ಅಣಕು ಜ್ಯೂರಿಗಳನ್ನು, ಅಂದರೆ ಕೋರ್ಟಿನಲ್ಲಿ ಮೊಕದ್ದಮೆ ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಿನ ಅಣಕುಗಳನ್ನು ಗಮನಿಸಿ ಬರೆದರು. ಮೇಜಿನ ತುದಿಯಲ್ಲಿ ಕೂತವರು ಜ್ಯೂರಿಯ ಮುಖ್ಯಸ್ಥರಾಗಿ ಆಯ್ಕೆಯಾಗುವುದು ಹೆಚ್ಚಿತ್ತು, ಚರ್ಚೆಯಲ್ಲಿ ಅವರ ಪಾಲೂ ಹೆಚ್ಚಿತ್ತು. ಸಮಾಜದಲ್ಲಿ ಮೇಲಿನ ಸ್ಥಾನದಲ್ಲಿದ್ದವರೇ ಆ ಕುರ್ಚಿಗಳನ್ನು ಆರಿಸಿಕೊಳ್ಳುವ ಒಲವೂ ಕಂಡಿತು. ಹಾಗಾಗಿ ಕುರ್ಚಿಯಿಂದ ಅಧಿಕಾರ ಬಂತೋ, ಅಧಿಕಾರವೇ ಕುರ್ಚಿ ಹುಡುಕಿಕೊಂಡಿತೋ ಎಂದು ಬೇರೆ ಮಾಡಿ ಹೇಳುವುದು ಕಷ್ಟ. ಸಭೆ ಏರ್ಪಡಿಸುವವರು ಇದರಿಂದ ತಿಳಿಯಬೇಕಾದದ್ದು ಇಷ್ಟು: ಅಧ್ಯಕ್ಷರು ಸ್ಪಷ್ಟವಾಗಿರಬೇಕಾದ ಸಭೆಗೆ ತುದಿಯಿರುವ ಮೇಜು ಸರಿ. ಎಲ್ಲರ ಮಾತಿಗೂ ಒಂದೇ ತೂಕ ಬೇಕಾದರೆ ತುದಿಯಿಲ್ಲದ ಆಕಾರ ಬೇಕು. ಬೋರ್ಡ್‌ರೂಮ್ ಮೇಜಿನ ಇನ್ನೊಂದು ತೊಂದರೆ ಜನ ಜಾಸ್ತಿಯಾದಾಗ ಕಾಣುತ್ತದೆ. ಒಂದೇ ಬದಿಯಲ್ಲಿ ಏಳೆಂಟು ಜನ ಸಾಲಾಗಿ ಕೂತರೆ ಅವರಿಗೆ ತಮ್ಮ ಸಾಲಿನವರೇ ಕಾಣುವುದಿಲ್ಲ. 12 ಜನರ ತನಕ ಚೆನ್ನ. ಅದರ ಮೇಲೆ ಹೋದರೆ ಎರಡು ತುದಿಯಲ್ಲಿ ಎರಡು ಸಭೆ ನಡೆಯಲು ಶುರುವಾಗುತ್ತದೆ.

ಮೇಜಿನ ಆಕಾರ ಎಷ್ಟು ದೊಡ್ಡ ವಿಷಯವಾಗಬಲ್ಲದು ಎಂಬುದಕ್ಕೆ ವಿಯೆಟ್ನಾಂ ಯುದ್ಧ ನಿಲ್ಲಿಸಲು ಪ್ಯಾರಿಸ್‌ನಲ್ಲಿ ನಡೆದ ಮಾತುಕತೆಯೇ ಸಾಕ್ಷಿ. 1968ರ ಕೊನೆಯಲ್ಲಿ ಮಾತುಕತೆ ವಾರಗಟ್ಟಲೆ ನಿಂತುಹೋಗಿದ್ದು ಮೇಜಿನ ಆಕಾರದ ಮೇಲೆ. ಇಲ್ಲಿರುವುದು ಎರಡೇ ಪಕ್ಷ ಎಂದು ತೋರಿಸುವ ಮೇಜು ಬೇಕೆಂದು ಅಮೆರಿಕ ಮತ್ತು ದಕ್ಷಿಣ ವಿಯೆಟ್ನಾಂ ಪಟ್ಟು ಹಿಡಿದವು. ದಕ್ಷಿಣ ವಿಯೆಟ್ನಾಂ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ವಿಮೋಚನಾ ರಂಗವೂ ಸರಿಸಮಾನವಾದ ಬೇರೆಯೇ ಪಕ್ಷ ಎಂದು ಕಾಣಬೇಕೆಂಬುದು ಉತ್ತರ ವಿಯೆಟ್ನಾಂನ ಹಟ. 1969ರ ಜನವರಿಯಲ್ಲಿ ಒಪ್ಪಂದವಾಯಿತು. ನಡುವೆ ಒಂದು ದುಂಡು ಮೇಜು. ಅದರ ಆಚೆ ಈಚೆ ಸ್ವಲ್ಪ ಅಂತರ ಬಿಟ್ಟು ಎರಡು ಆಯತದ ಸಣ್ಣ ಮೇಜುಗಳು. ಮೇಲೆ ಧ್ವಜವೂ ಇಲ್ಲ, ಹೆಸರಿನ ಫಲಕವೂ ಇಲ್ಲ. ದುಂಡು ಮೇಜನ್ನು ನೋಡಿ ಒಬ್ಬರು ‘ಎಲ್ಲರೂ ಸಮಾನ’ ಅನ್ನಬಹುದು, ಬದಿಯ ಮೇಜುಗಳನ್ನು ನೋಡಿ ಇನ್ನೊಬ್ಬರು ‘ಎರಡೇ ಪಕ್ಷ’ ಅನ್ನಬಹುದು. ಯುದ್ಧ ನಡೆಯುತ್ತಿರುವಾಗ ಇದೇನು ಹಟ ಎಂದು ಆಗ ಅನೇಕರಿಗೆ ಅನಿಸಿತ್ತು. ಆದರೆ ಯಾರನ್ನು ಮಾತಾಡುವ ಹಕ್ಕಿರುವವರು ಎಂದು ಒಪ್ಪಿಕೊಂಡಿದ್ದೇವೆ ಅನ್ನುವುದು ಕೂರುವ ಜಾಗದಲ್ಲೇ ಕಾಣುತ್ತದೆ. ಅದು ಸಣ್ಣ ವಿಷಯವಲ್ಲ.

ಯು ಆಕಾರ ತರಬೇತಿ ಕೊಡುವವರಿಗೆ ಅಚ್ಚುಮೆಚ್ಚು. ತೆರೆದ ಬದಿಯಲ್ಲಿ ಸ್ಲೈಡ್ ತೋರಿಸುವ ಪರದೆ ಇರುತ್ತದೆ. ಮಾತಾಡುವವರು ಒಳಗೆ ನಡೆದು ಬಂದು ಪ್ರತಿಯೊಬ್ಬರ ಮುಂದೆ ನಿಲ್ಲಬಹುದು. ಕೂತವರೂ ಒಬ್ಬರನ್ನೊಬ್ಬರು ನೋಡಬಹುದು. 15 ಸದಸ್ಯರಿರುವ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮೇಜೂ ಕುದುರೆ ಲಾಳದ ಆಕಾರದ್ದೇ. ಆದರೆ ಯು ಆಕಾರ ಜಾಗ ತಿನ್ನುತ್ತದೆ. ಒಬ್ಬರಿಗೆ ಸುಮಾರು 35 ಚದರ ಅಡಿ ಬೇಕು, ಅಂದರೆ ಥಿಯೇಟರ್ ಶೈಲಿಯ ಮೂರು ನಾಲ್ಕು ಪಟ್ಟು. ಜಾಗ ಇದ್ದರೂ ಇದಕ್ಕೊಂದು ಮಿತಿ ಇದೆ. ಮನುಷ್ಯರ ನಡುವಿನ ಅಂತರದ ಬಗ್ಗೆ ಅಧ್ಯಯನ ಮಾಡಿದ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ ಒಂದು ಅಳತೆ ಕೊಟ್ಟರು. 4ರಿಂದ 12 ಅಡಿ ದೂರದಲ್ಲಿ ಕೆಲಸದ ಮಾತು, ಪರಿಚಯದ ಮಾತು ಸಲೀಸಾಗಿ ನಡೆಯುತ್ತದೆ. 12 ಅಡಿ ದಾಟಿದರೆ ದನಿ ಏರಿಸಬೇಕು, ಮಾತು ಭಾಷಣದ ಧಾಟಿಗೆ ತಿರುಗುತ್ತದೆ. ಅವರು ನೋಡಿದ್ದು ಮುಖ್ಯವಾಗಿ ಅಮೆರಿಕದ ಒಂದು ವರ್ಗದ ಜನರನ್ನು. ಬೇರೆ ಜನರಲ್ಲಿ ಈ ಗೆರೆ ಸ್ವಲ್ಪ ಆಚೀಚೆ ಆಗುತ್ತದೆ ಎಂದು ಅವರೇ ಹೇಳಿದ್ದಾರೆ. ಆದರೂ ಅಂದಾಜಿಗೆ ಇದು ಒಳ್ಳೆಯ ಗೆರೆ. ಯು ಆಕಾರದ ಒಳಗಿನ ಅಗಲ ಇದನ್ನು ದಾಟಿದರೆ ಎದುರಿನವರು ಎದುರಿನವರಾಗಿ ಉಳಿಯುವುದಿಲ್ಲ. 25 ಜನರ ಮೇಲೆ ಯು ಆಕಾರ ಬೇಡ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ನಡುವೆ ಖಾಲಿ ಬಿಟ್ಟು ನಾಲ್ಕೂ ಬದಿ ಮುಚ್ಚಿದ ಚೌಕವನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ಪರದೆ ಎಲ್ಲಿಟ್ಟರೂ ಒಂದು ಬದಿಯವರು ಬೆನ್ನು ಕೊಟ್ಟು ಕೂರಬೇಕು. ನಡುವಿನ ಆ ದೊಡ್ಡ ಖಾಲಿ ಜಾಗ ಯಾರಿಗೂ ಉಪಯೋಗಕ್ಕಿಲ್ಲ. ಪರದೆ ಬೇಡದ, ಮೈಕ್ ಇರುವ ಔಪಚಾರಿಕ ಸಭೆಗೆ ಮಾತ್ರ ಅದು ಸರಿ.

ಮೇಜಿಲ್ಲದ ಬರೀ ಕುರ್ಚಿಗಳ ವೃತ್ತ ಬೇರೆಯೇ ರೀತಿ. ಮುಂದೆ ಮೇಜು ಇಲ್ಲದಿದ್ದರೆ ಕೈಕಾಲು ಮುಚ್ಚಿಕೊಳ್ಳಲು ಏನೂ ಇರುವುದಿಲ್ಲ. ಕೆಲವರಿಗೆ ಇದು ಮುಜುಗರ. ಆದರೆ ಮನಬಿಚ್ಚಿ ಮಾತಾಡಬೇಕಾದ ವಿಷಯಕ್ಕೆ, ಜಗಳ ಬಗೆಹರಿಸುವ ಮಾತಿಗೆ ಇದರಷ್ಟು ಪ್ರಾಮಾಣಿಕ ಜೋಡಣೆ ಇನ್ನೊಂದಿಲ್ಲ. ಜನ ತುಂಬಾ ಇದ್ದರೆ ಎರಡು ವೃತ್ತ ಮಾಡುವುದುಂಟು. ಒಳಗೆ ಐದಾರು ಜನ ಮಾತಾಡುತ್ತಾರೆ, ಹೊರಗಿನ ವೃತ್ತದವರು ಕೇಳುತ್ತಾರೆ. ಒಳಗೆ ಒಂದು ಕುರ್ಚಿ ಖಾಲಿ ಇರುತ್ತದೆ. ಮಾತಾಡಬೇಕು ಅನಿಸಿದವರು ಬಂದು ಅಲ್ಲಿ ಕೂರುತ್ತಾರೆ. ಫಿಶ್‌ಬೌಲ್ ಎಂಬ ಈ ಕ್ರಮದಲ್ಲಿ 40 ಜನರ ನಡುವೆಯೂ ಆರು ಜನರ ಮಾತಿನ ಬಿಸಿ ಉಳಿಯುತ್ತದೆ.

ದುಂಡು ಮೇಜುಗಳು

ಜನ ಐವತ್ತೋ ನೂರೋ ಇದ್ದಾರೆ, ಆದರೂ ಅವರು ತಮ್ಮೊಳಗೆ ಮಾತಾಡಬೇಕು. ಆಗ ಕೋಣೆಯನ್ನು ಸಣ್ಣ ಸಣ್ಣ ಸಭೆಗಳಾಗಿ ಒಡೆಯಬೇಕು. ದುಂಡು ಮೇಜುಗಳು ಇರುವುದೇ ಇದಕ್ಕೆ.

ಇಲ್ಲಿ ಅಳತೆ ಗೊತ್ತಿರಬೇಕು. 5 ಅಡಿ ವ್ಯಾಸದ ಮೇಜಿನ ಸುತ್ತಳತೆ ಸುಮಾರು 188 ಇಂಚು. ಎಂಟು ಜನ ಕೂತರೆ ಒಬ್ಬರಿಗೆ ಹತ್ತಿರ ಹತ್ತಿರ 2 ಅಡಿ ಸಿಗುತ್ತದೆ. ಆರಾಮಾಗಿ ಕೂರಲು ಬೇಕಾದ ಕನಿಷ್ಠ ಅಳತೆ ಅದೇ. ಹತ್ತು ಜನರನ್ನು ತುರುಕಿದರೆ ತಲಾ 19 ಇಂಚೂ ಇಲ್ಲ. 6 ಅಡಿ ಮೇಜಿಗೆ ಹತ್ತು ಜನ ಸರಿ. ಆದರೆ ಮೇಜು ದೊಡ್ಡದಾದಷ್ಟೂ ಎದುರಿನವರು ದೂರ ಹೋಗುತ್ತಾರೆ. ಗದ್ದಲದ ಕೋಣೆಯಲ್ಲಿ 6 ಅಡಿ ಆಚೆಯ ಮಾತು ಕೇಳಿಸುವುದಿಲ್ಲ. ಜನ ಪಕ್ಕದ ಇಬ್ಬರ ಜೊತೆ ಮಾತ್ರ ಮಾತಾಡಿ ಎದ್ದು ಹೋಗುತ್ತಾರೆ. ಮಾತುಕತೆಯೇ ಉದ್ದೇಶವಾದರೆ ಸಣ್ಣ ಮೇಜು, ಕಡಿಮೆ ಜನ.

ಊಟಕ್ಕೆ ಮೇಜಿನ ಸುತ್ತ ಪೂರ್ತಿ ಕೂರಬಹುದು. ಆದರೆ ನಡುನಡುವೆ ವೇದಿಕೆಯನ್ನೂ ನೋಡಬೇಕು ಅಂದರೆ ಅರ್ಧದಷ್ಟು ಜನ ಬೆನ್ನು ಕೊಟ್ಟು ಕೂತಿರುತ್ತಾರೆ, ಅಲ್ವಾ? ಅದಕ್ಕೆ ಕ್ಯಾಬರೇ ಶೈಲಿ ಇದೆ. ವೇದಿಕೆಯ ಕಡೆಗಿನ ಕುರ್ಚಿಗಳನ್ನು ತೆಗೆದು, ಐದಾರು ಜನರನ್ನು ಅರ್ಧಚಂದ್ರಾಕಾರದಲ್ಲಿ ಕೂರಿಸುವುದು. ಸ್ವಲ್ಪ ಹೊತ್ತು ಕೇಳುವುದು, ಸ್ವಲ್ಪ ಹೊತ್ತು ಗುಂಪಿನಲ್ಲಿ ಕೆಲಸ ಮಾಡುವುದು, ಮತ್ತೆ ಕೇಳುವುದು. ಇಂಥ ಕಾರ್ಯಾಗಾರಗಳಿಗೆ ನನ್ನ ಮೊದಲ ಆಯ್ಕೆ ಇದೇ. ಮೂರರಲ್ಲಿ ಒಂದು ಪಾಲು ಕುರ್ಚಿ ಕಡಿಮೆಯಾಗುತ್ತದೆ ಎಂದು ಆಯೋಜಕರು ಹಿಂಜರಿಯುತ್ತಾರೆ. ಆದರೆ ಕಾರ್ಯಕ್ರಮದ ನಡುವೆ ‘ಈಗ ಗುಂಪುಗಳಾಗಿ’ ಎಂದು ಹೇಳಿ, ಕುರ್ಚಿ ಎಳೆದಾಡಿ, ಗದ್ದಲವಾಗಿ ಹಾಳಾಗುವ ಹೊತ್ತು ಪೂರ್ತಿ ಉಳಿಯುತ್ತದೆ.

ನಿಂತು ಬೆರೆಯುವ ಕೂಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಬ್ಬರಿಗೆ 8ರಿಂದ 10 ಚದರ ಅಡಿ, ಅಲ್ಲಲ್ಲಿ ಎತ್ತರದ ಸಣ್ಣ ಮೇಜು. ಜೊತೆಗೆ ತುಂಬಾ ಹೊತ್ತು ನಿಲ್ಲಲಾಗದವರಿಗೆ ಕುರ್ಚಿಗಳು. ಈ ಕುರ್ಚಿಗಳನ್ನು ಮೂಲೆಗೆ ತಳ್ಳಬೇಡಿ. ಕೂತವರು ಕೂಟದಿಂದಲೇ ಹೊರಗುಳಿಯುತ್ತಾರೆ.

ಒಂದೇ ಕೋಣೆ, ಬೇರೆ ಬೇರೆ ಲೆಕ್ಕ

ಈಗ ಒಂದು ಕೋಣೆ ಹಿಡಿದು ಲೆಕ್ಕ ಹಾಕೋಣ. 40 ಅಡಿ ಉದ್ದ, 30 ಅಡಿ ಅಗಲ. ಪರದೆ ಮತ್ತು ಮಾತಾಡುವವರಿಗೆ ಮುಂದೆ 10 ಅಡಿ ಬಿಟ್ಟರೆ ಕೂರಲು ಉಳಿಯುವುದು 30 ಅಡಿಗೆ 30 ಅಡಿಯ ಚೌಕ.

ಥಿಯೇಟರ್ ಶೈಲಿಯಲ್ಲಿ ಸಾಲಿಂದ ಸಾಲಿಗೆ 3 ಅಡಿ. ಹಿಂದೆ ಓಡಾಡಲು 6 ಅಡಿ ಬಿಟ್ಟು 8 ಸಾಲು. ನಡುದಾರಿ 4 ಅಡಿ, ಎರಡೂ ಬದಿ 3 ಅಡಿ ಬಿಟ್ಟರೆ ಕುರ್ಚಿಗಳಿಗೆ 20 ಅಡಿ. 20 ಇಂಚಿನ ಕುರ್ಚಿಯಾದರೆ ಸಾಲಿಗೆ 12. ಒಟ್ಟು 96 ಜನ. ಅದೇ ಜಾಗದಲ್ಲಿ 5 ಅಡಿಯ ದುಂಡು ಮೇಜು ಹಾಕಿದರೆ, ಎರಡು ಮೇಜಿನ ಅಂಚುಗಳ ನಡುವೆ 5 ಅಡಿ ಬೇಕು. ಬೆನ್ನಿಗೆ ಬೆನ್ನು ಹಾಕಿ ಎರಡು ಕುರ್ಚಿ, ನಡುವೆ ಒಬ್ಬರು ದಾಟುವ ಜಾಗ. ಹೀಗೆ 9 ಮೇಜು, 72 ಜನ. ಕ್ಯಾಬರೇ ಶೈಲಿಯಾದರೆ ಅದೇ 9 ಮೇಜಿಗೆ 45ರಿಂದ 54. ಕ್ಲಾಸ್‌ರೂಮ್ ಶೈಲಿಯಲ್ಲಿ 6 ಅಡಿ ಮೇಜು ಸಾಲಿಗೆ ನಾಲ್ಕು, ನಡುದಾರಿ ಒಂದೇ, 5 ಅಡಿಗೊಂದು ಸಾಲಿನಂತೆ 5 ಸಾಲು, ಮೇಜಿಗೆ ಇಬ್ಬರು: 40 ಜನ. ಯು ಆಕಾರದಲ್ಲಿ ತಳಕ್ಕೆ ಮೂರು ಮೇಜು, ತೋಳಿಗೆ ನಾಲ್ಕು ನಾಲ್ಕು, ಹೊರಬದಿಯಲ್ಲಿ ಮಾತ್ರ ಕುರ್ಚಿ: 22 ಜನ.

96ರಿಂದ 22. ಗೋಡೆಗಳು ಕದಲಲಿಲ್ಲ. ಜನಸಂಖ್ಯೆಯೊಂದನ್ನೇ ಹಿಡಿದು ಕೋಣೆ ಬುಕ್ ಮಾಡಿದರೆ ಆಮೇಲೆ ಜೋಡಣೆಯಲ್ಲಿ ಯಾವ ಆಯ್ಕೆಯೂ ಉಳಿಯುವುದಿಲ್ಲ ಅನ್ನುವುದು ಇದರಿಂದ ಸ್ಪಷ್ಟವಾಗುತ್ತದೆ. ಇದೂ ಕಂಬಗಳಿಲ್ಲದ, ಬಾಗಿಲು ಸರಿಯಾದ ಜಾಗದಲ್ಲಿರುವ ಕೋಣೆಯ ಲೆಕ್ಕ. ಒಂದು ಕಂಬ ಬಂದರೆ ಅದರ ಹಿಂದಿನ ಕುರ್ಚಿಗಳನ್ನು ಲೆಕ್ಕದಿಂದ ತೆಗೆಯಬೇಕು.

ಪರದೆ ಮತ್ತು ಚಾವಣಿ

ಪರದೆ ಬಳಸುವುದಾದರೆ ಕೋಣೆಯ ಎತ್ತರ ನೋಡಲೇಬೇಕು. ಇದನ್ನು ಮರೆಯುವವರೇ ಹೆಚ್ಚು.

ಲೆಕ್ಕ ಸುಲಭ. ಸಾಮಾನ್ಯ ಸ್ಲೈಡ್‌ಗಳನ್ನು ಓದಬೇಕಾದರೆ ಕೊನೆಯ ಸಾಲು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಇರಬಾರದು. ಸಣ್ಣ ಅಂಕಿಗಳ ಕೋಷ್ಟಕ ತೋರಿಸುವುದಾದರೆ ನಾಲ್ಕು ಪಟ್ಟು. ಬರೀ ವಿಡಿಯೋ ಆದರೆ ಎಂಟು ಪಟ್ಟು ನಡೆಯುತ್ತದೆ. ನಮ್ಮ 40 ಅಡಿ ಕೋಣೆಯಲ್ಲಿ ಕೊನೆಯ ಸಾಲು ಸುಮಾರು 34 ಅಡಿ ದೂರ. ಆರರಿಂದ ಭಾಗಿಸಿದರೆ ಪರದೆ 6 ಅಡಿಯಷ್ಟು ಎತ್ತರ ಬೇಕು. ಕೂತವರ ಕಣ್ಣು ನೆಲದಿಂದ ಹೆಚ್ಚುಕಡಿಮೆ 4 ಅಡಿ ಮೇಲಿರುತ್ತದೆ. ಹಾಗಾಗಿ ಪರದೆಯ ಕೆಳಅಂಚು ಕನಿಷ್ಠ 4 ಅಡಿ ಮೇಲಿರಬೇಕು, ಇಲ್ಲದಿದ್ದರೆ ಸ್ಲೈಡಿನ ಕೆಳಭಾಗದ ಅಕ್ಷರಗಳು ಮುಂದಿನವರ ತಲೆಗಳ ಹಿಂದೆ ಮುಳುಗುತ್ತವೆ. 4 ಮತ್ತು 6 ಸೇರಿ 10 ಅಡಿ. ಚಾವಣಿ 9 ಅಡಿ ಇದ್ದರೆ ಈ ಪರದೆ ಹಿಡಿಸುವುದೇ ಇಲ್ಲ. 5 ಅಡಿಯ ಪರದೆ ಹಾಕಿದರೆ 30 ಅಡಿಯ ಆಚೆ ಕೂತವರಿಗೆ ಓದಲು ಕಷ್ಟ. ಅಂದರೆ ಚಾವಣಿ ತಗ್ಗಾಗಿರುವ ಉದ್ದನೆಯ ಕೋಣೆಯ ಹಿಂಭಾಗ ಪರದೆಯ ಮಟ್ಟಿಗೆ ಇದ್ದೂ ಇಲ್ಲದಂತೆ.

ಇದಕ್ಕೊಂದು ಪರಿಹಾರವಿದೆ. ಪರದೆಯನ್ನು ಕಿರಿದಾದ ಗೋಡೆಗೆ ಹಾಕುವ ಬದಲು ಉದ್ದ ಗೋಡೆಗೆ ಹಾಕಿ. ಸಾಲುಗಳು ಅಗಲವಾಗುತ್ತವೆ, ಕೊನೆಯ ಸಾಲು ಹತ್ತಿರ ಬರುತ್ತದೆ. ಮಾತಾಡುವವರಿಗೂ ಎಲ್ಲರ ಮುಖ ಕಾಣುತ್ತದೆ. ಆದರೆ ತೀರಾ ಬದಿಗೆ ಕೂತವರಿಗೆ ಪರದೆ ಓರೆಯಾಗುತ್ತದೆ. ಪರದೆಯ ನಡುವಿನಿಂದ ಎರಡೂ ಕಡೆ 45 ಡಿಗ್ರಿ ದಾಟಿದ ಜಾಗದಲ್ಲಿ ಕುರ್ಚಿ ಹಾಕಬೇಡಿ. ಮೊದಲ ಸಾಲೂ ಪರದೆಯ ಎತ್ತರದ ಎರಡು ಪಟ್ಟಿನಷ್ಟಾದರೂ ದೂರ ಇರಲಿ.

ಕಿಟಕಿಗಳನ್ನೂ ನೋಡಿಕೊಳ್ಳಿ. ಮಾತಾಡುವವರ ಬೆನ್ನ ಹಿಂದೆ ಕಿಟಕಿ ಇದ್ದರೆ ಅವರ ಮುಖ ಕಪ್ಪಾಗಿ ಕಾಣುತ್ತದೆ. ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ಳುವವರಿಗೆ ಅಲ್ಲಿಗೆ ಸಭೆ ಮುಗಿದಂತೆ. ಆನ್‌ಲೈನ್‌ನಲ್ಲಿ ಸೇರಿದವರಿಗೂ ಇದೇ ಪಾಡು. ಅಂಥವರಿದ್ದರೆ ಯು ಆಕಾರದ ತೆರೆದ ಬದಿಯಲ್ಲಿ, ಕೂತವರ ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಇಡಿ. ಉದ್ದ ಮೇಜಿನ ತುದಿಯಲ್ಲಿ ಇಟ್ಟರೆ ಹತ್ತಿರದ ಇಬ್ಬರು ಕಾಣುತ್ತಾರೆ, ಉಳಿದವರು ಒಬ್ಬರ ಹಿಂದೊಬ್ಬರು ಮರೆಯಾಗುತ್ತಾರೆ.

ದಾರಿ ಕದಿಯಬೇಡಿ

ಇನ್ನೂ ಹತ್ತು ಜನರಿಗೆ ಜಾಗ ಬೇಕು ಅಂದ ತಕ್ಷಣ ಮೊದಲು ಕಿರಿದಾಗುವುದು ಓಡಾಡುವ ದಾರಿ. ಈ ವಿಷಯದಲ್ಲಿ ರಾಜಿ ಬೇಡವೇ ಬೇಡ. ಬೆಂಕಿ ಬಿದ್ದಾಗ, ಯಾರಾದರೂ ಕುಸಿದು ಬಿದ್ದಾಗ ಆ ದಾರಿಯೊಂದೇ ಕಾಪಾಡುವುದು. ಅನೇಕ ದೇಶಗಳ ಅಗ್ನಿಸುರಕ್ಷೆ ನಿಯಮಗಳಲ್ಲಿ ಎರಡೂ ಬದಿ ದಾರಿ ಇರುವ ಸಾಲಿಗೆ 14 ಕುರ್ಚಿ, ಒಂದೇ ಬದಿ ದಾರಿ ಇದ್ದರೆ 7 ಕುರ್ಚಿ ಎಂಬ ಮಿತಿ ಕಾಣುತ್ತದೆ. ಕುರ್ಚಿಯ ಮುಂಭಾಗಕ್ಕೂ ಮುಂದಿನ ಕುರ್ಚಿಯ ಬೆನ್ನಿಗೂ ನಡುವೆ ಕನಿಷ್ಠ 1 ಅಡಿ ತೆರವಿರಬೇಕು. ನಿಮ್ಮ ಕಟ್ಟಡಕ್ಕೆ ಯಾವ ನಿಯಮ ಅನ್ವಯಿಸುತ್ತದೆ, ಒಟ್ಟು ಎಷ್ಟು ಜನರಿಗೆ ಅನುಮತಿ ಇದೆ ಎಂದು ಕೇಳಿ ತಿಳಿದುಕೊಳ್ಳಿ. ಬಾಗಿಲಿನ ಮುಂದೆ ನೋಂದಣಿ ಮೇಜು ಇಡಬೇಡಿ. ಸಾಲು ನಿಂತ ಜನ ಹೊರದಾರಿಯನ್ನು ಮುಚ್ಚಿಬಿಡುತ್ತಾರೆ.

ಗಾಲಿಕುರ್ಚಿ ಸಲೀಸಾಗಿ ಸಾಗಲು 3 ಅಡಿ ಅಗಲದ ದಾರಿ ಬೇಕು, ತಿರುಗಲು 5 ಅಡಿ ಜಾಗ, ನಿಲ್ಲಲು 3 ಅಡಿಗೆ 4 ಅಡಿ. ಆ ಜಾಗವನ್ನು ಕೊನೆಯ ಸಾಲಿನ ಹಿಂದೆ ಮಾತ್ರ ಕೊಡುವುದು ಸರಿಯಲ್ಲ. ಮುಂದೆ, ನಡುವೆ, ಹಿಂದೆ ಹೀಗೆ ಬೇರೆ ಬೇರೆ ಕಡೆ ಸಾಲಿನ ಒಂದೆರಡು ಕುರ್ಚಿ ತೆಗೆದು, ಪಕ್ಕದಲ್ಲೇ ಜೊತೆಯವರಿಗೂ ಕುರ್ಚಿ ಇಡಿ. ಯಾರ ಮುಖ ಯಾರಿಗೆ ಕಾಣಬೇಕು ಅನ್ನುವ ಪ್ರಶ್ನೆ ಅವರಿಗೂ ಅನ್ವಯಿಸುತ್ತದೆ. ವೇದಿಕೆಗೆ ಮೆಟ್ಟಿಲು ಮಾತ್ರ ಇದ್ದರೆ ಅವರು ಮಾತಾಡಲು ಮೇಲೆ ಬರುವುದು ಹೇಗೆ ಎಂಬುದನ್ನೂ ಮೊದಲೇ ಯೋಚಿಸಿ.

ಖಾಲಿ ಕುರ್ಚಿ ಮತ್ತು ತುಂಬಿದ ಕೋಣೆ

ಲಂಡನ್‌ನಲ್ಲಿರುವ ಬ್ರಿಟಿಷ್ ಸಂಸತ್ತಿನ ಕೆಳಮನೆಯ ಸಭಾಂಗಣ 1941ರ ಮೇ ತಿಂಗಳಲ್ಲಿ ಬಾಂಬ್ ದಾಳಿಗೆ ನಾಶವಾಯಿತು. ಮತ್ತೆ ಕಟ್ಟುವ ಬಗ್ಗೆ 1943ರ ಅಕ್ಟೋಬರ್‌ನಲ್ಲಿ ಚರ್ಚೆ ನಡೆದಾಗ ವಿನ್‌ಸ್ಟನ್ ಚರ್ಚಿಲ್ ಎರಡು ಮಾತಿಗೆ ಅಂಟಿಕೊಂಡರು. ಸಭಾಂಗಣ ಅರ್ಧವೃತ್ತವಾಗಬಾರದು, ಎದುರುಬದುರು ಬೆಂಚುಗಳ ಆಯತವಾಗಿಯೇ ಇರಬೇಕು. ಎಲ್ಲ ಸದಸ್ಯರಿಗೂ ಜಾಗವಾಗುವಷ್ಟು ದೊಡ್ಡದೂ ಆಗಬಾರದು. ಎಲ್ಲರಿಗೂ ಕುರ್ಚಿ ಇದ್ದರೆ ಬಹುಪಾಲು ಚರ್ಚೆಗಳು ಖಾಲಿ ಕೋಣೆಯಲ್ಲಿ ನಡೆದಂತೆ ಕಾಣುತ್ತವೆ, ಮಾತಿನ ಕಳೆ ಹೋಗುತ್ತದೆ ಎಂಬುದು ಅವರ ವಾದ. 1950ರಲ್ಲಿ ತೆರೆದ ಹೊಸ ಸಭಾಂಗಣ ಹಾಗೇ ಬಂತು. ಅಲ್ಲಿ ಸದಸ್ಯರಿಗೆ 427 ಆಸನ. ಈಗಿನ ಸದಸ್ಯರ ಸಂಖ್ಯೆ 650.

ಸಾಮಾನ್ಯ ಸಭೆಗೆ ಬಂದವರನ್ನು ನಿಲ್ಲಿಸಬೇಕು ಎಂದು ನಾನು ಹೇಳುತ್ತಿಲ್ಲ. ಆದರೆ ತತ್ವ ನಿಜ. 40 ಜನ ಬರುವ ಕಡೆ 100 ಕುರ್ಚಿ ಹಾಕಿದರೆ ಜನ ಹಿಂದಿನ ಸಾಲುಗಳಲ್ಲಿ ಚದುರಿ ಕೂರುತ್ತಾರೆ. ಮಾತಾಡುವವರಿಗೂ ಮೊದಲ ಮುಖಕ್ಕೂ ನಡುವೆ ನಾಲ್ಕು ಖಾಲಿ ಸಾಲು. ಬರುವವರ ಅಂದಾಜಿಗಿಂತ ಸ್ವಲ್ಪ ಕಡಿಮೆ ಕುರ್ಚಿ ಹಾಕಿ, ಉಳಿದವನ್ನು ಹಿಂದೆ ಪೇರಿಸಿಟ್ಟು, ಜನ ಬಂದ ಹಾಗೆ ಸೇರಿಸುತ್ತಾ ಹೋಗಿ. ಕೋಣೆ ದೊಡ್ಡದಾದರೆ ಕುರ್ಚಿಗಳನ್ನು ಪೂರ್ತಿ ಹರಡಬೇಡಿ. ಒಂದು ಭಾಗದಲ್ಲಿ ಒತ್ತಾಗಿ ಹಾಕಿ, ಉಳಿದ ಭಾಗವನ್ನು ಚಹಾಕ್ಕೋ ಪ್ರದರ್ಶನಕ್ಕೋ ಬಿಡಿ. ಬಾಗಿಲು ಹಿಂಬದಿಗೆ ಬರುವಂತೆ ವೇದಿಕೆಯ ದಿಕ್ಕು ಆರಿಸಿದರೆ ತಡವಾಗಿ ಬಂದವರು ಎಲ್ಲರ ಕಣ್ಣೆದುರು ನಡೆದು ಹೋಗಬೇಕಾಗಿಲ್ಲ.

ನಕ್ಷೆ ಬರೆಯುವುದು

ಎಲ್ಲ ತೀರ್ಮಾನವಾದ ಮೇಲೆ ಅದನ್ನು ಬಾಯಲ್ಲಿ ಹೇಳಿ ಬಿಡಬೇಡಿ. ‘ಯು ಆಕಾರ, 20 ಜನ’ ಅಂದರೆ ಹತ್ತು ಜನ ಹತ್ತು ರೀತಿ ಹಾಕುತ್ತಾರೆ. ಚೌಕುಳಿ ಹಾಳೆಯ ಮೇಲೆ ಕೈಯಲ್ಲಿ ಬರೆದ ನಕ್ಷೆ ಸಾಕು, ಒಂದು ಚೌಕ ಅಂದರೆ ಒಂದು ಅಡಿ. ಬಾಗಿಲು, ಕಂಬ, ಕಿಟಕಿ, ವಿದ್ಯುತ್ ಪ್ಲಗ್ ಎಲ್ಲಿವೆ, ಪರದೆ ಯಾವ ಗೋಡೆಗೆ, ಮೇಜಿನ ಅಳತೆ ಎಷ್ಟು, ದಾರಿಯ ಅಗಲ ಎಷ್ಟು, ಪ್ರತಿ ಮೇಜಿಗೆ ಎಷ್ಟು ಕುರ್ಚಿ, ಯಾವ ಬದಿಯಲ್ಲಿ ಕುರ್ಚಿ ಇರಬಾರದು ಎಲ್ಲವೂ ಅದರಲ್ಲಿರಲಿ. ಕೋಣೆಯ ಅಳತೆಯನ್ನು ನೀವೇ ಟೇಪ್ ಹಿಡಿದು ಅಳೆಯುವುದು ಒಳ್ಳೆಯದು.

ಬೆಳಿಗ್ಗೆ ಭಾಷಣ, ಮಧ್ಯಾಹ್ನ ಗುಂಪು ಚರ್ಚೆ ಇದ್ದರೆ ಎರಡು ನಕ್ಷೆ ಬರೆಯಿರಿ. ಒಂದರಿಂದ ಇನ್ನೊಂದಕ್ಕೆ ಬದಲಿಸಲು ಎಷ್ಟು ಜನ, ಎಷ್ಟು ಹೊತ್ತು ಬೇಕೆಂದು ಕೇಳಿ. ಊಟದ ಬಿಡುವಿನಲ್ಲಿ ಆಗುವುದಿಲ್ಲ ಅಂದರೆ ಎರಡಕ್ಕೂ ಒಗ್ಗುವ ಕ್ಯಾಬರೇ ಶೈಲಿಗೆ ಬೆಳಿಗ್ಗೆಯೇ ಹೋಗುವುದು ಮೇಲು.

ಕುರ್ಚಿ ಹಾಕಿ ಮುಗಿಸಿದ ಮೇಲೆ, ಜನ ಬರಲು ಇನ್ನೂ ಒಂದು ಗಂಟೆ ಇರುವಾಗ, ಕೋಣೆಯ ಅತಿ ಕೆಟ್ಟ ಕುರ್ಚಿಗಳಲ್ಲಿ ಕೂತು ನೋಡಿ. ಕೊನೆಯ ಸಾಲಿನ ಮೂಲೆ, ಕಂಬದ ಪಕ್ಕ, ಎಸಿ ಗಾಳಿ ನೇರ ಹೊಡೆಯುವ ಜಾಗ, ಪರದೆಗೆ ತೀರಾ ಓರೆಯಾದ ತುದಿ. ನಿಮ್ಮ ಮುಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳಿ, ಖಾಲಿ ಕುರ್ಚಿಗಳ ನಡುವೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಒಂದು ಸ್ಲೈಡ್ ಹಾಕಿಸಿ ಓದಿ, ಒಬ್ಬರನ್ನು ಮೈಕ್ ಇಲ್ಲದೆ ಮಾತಾಡಲು ಹೇಳಿ. ಅಲ್ಲಿಂದ ಕಾಣಬೇಕಾದ ಮುಖ ಕಾಣದಿದ್ದರೆ ಆ ಕುರ್ಚಿಯನ್ನು ಎತ್ತಿಬಿಡಿ.